ಸೈಬರ್ ಕಿರುಕುಳ ಮತ್ತು ಶಿಕ್ಷಕರ ಪಾತ್ರ

ಸೈಬರ್ ಕಿರುಕುಳ ಎಂದರೆ ಮೊಬೈಲ್ ಫೋನ್, ಸಾಮಾಜಿಕ ಜಾಲತಾಣ, ಆನ್‌ಲೈನ್ ಆಟ ಮೊದಲಾದವುಗಳ ಮೂಲಕ ಒಬ್ಬ ವ್ಯಕ್ತಿಯನ್ನು ಉದ್ದೇಶಪೂರ್ವಕವಾಗಿ ಮತ್ತೆ ಮತ್ತೆ ಅವಮಾನಿಸುವುದು, ಹೆದರಿಸುವುದು ಅಥವಾ ಗುಂಪಿನಿಂದ ಹೊರಗಿಡುವುದು. ಶಾಲೆಯ ಅಂಗಳದಲ್ಲಿ ನಡೆಯುವ ಕಿರುಕುಳಕ್ಕಿಂತ ಭಿನ್ನವಾಗಿ ಇದು ಮಗುವನ್ನು ಮನೆಯವರೆಗೂ ಹಿಂಬಾಲಿಸುತ್ತದೆ.

ಲಕ್ಷಣಗಳು

ಶಾಲೆಗೆ ಬರಲು ಹಿಂಜರಿಕೆ, ಗೆಳೆಯರಿಂದ ದೂರ ಸರಿಯುವುದು, ನಿದ್ರಾಹೀನತೆ, ಫೋನ್ ಸಂದೇಶ ಬಂದಾಗ ಗಾಬರಿ ಇವು ಸಾಮಾನ್ಯ ಸೂಚನೆಗಳು. ಫೋನನ್ನು ಕಸಿದುಕೊಳ್ಳುತ್ತಾರೆಂಬ ಭಯದಿಂದ ಅನೇಕ ಮಕ್ಕಳು ವಿಷಯವನ್ನು ಮುಚ್ಚಿಡುತ್ತಾರೆ.

ಶಿಕ್ಷಕರ ಕ್ರಮಗಳು

ಶಿಕ್ಷಕರು ಮೊದಲು ಮಗುವನ್ನು ದೂಷಿಸದೆ, ಪ್ರತ್ಯೇಕವಾಗಿ ಕೂರಿಸಿಕೊಂಡು ಆಲಿಸಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸದೆ, ದಿನಾಂಕ ಮತ್ತು ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡುವುದು ಸೂಕ್ತ. ಆದರೆ ಮಕ್ಕಳ ಅಶ್ಲೀಲ ಚಿತ್ರಗಳಿದ್ದಲ್ಲಿ ಅವುಗಳನ್ನು ಸಾಕ್ಷ್ಯಕ್ಕಾಗಿಯೂ ನಕಲು ಮಾಡಬಾರದು, ಇತರರಿಗೆ ಕಳುಹಿಸಬಾರದು. ಕೂಡಲೇ ಪೊಲೀಸರಿಗೆ ತಿಳಿಸಬೇಕು. ಕಿರುಕುಳ ನೀಡಿದ ವಿದ್ಯಾರ್ಥಿಗೂ ಆಪ್ತಸಮಾಲೋಚನೆ ಅಗತ್ಯ. ಇಬ್ಬರನ್ನೂ ತರಗತಿಯ ಎದುರು ನಿಲ್ಲಿಸಿ ವಿಚಾರಿಸುವುದು ಅವಮಾನವನ್ನು ಹೆಚ್ಚಿಸುತ್ತದೆ.

ಕಾನೂನು

ಭಾರತದಲ್ಲಿ ಸೈಬರ್ ಕಿರುಕುಳಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಸೆಕ್ಷನ್ 66ಎ ಅನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ರದ್ದುಪಡಿಸಿತು. ಖಾಸಗಿತನದ ಉಲ್ಲಂಘನೆಗೆ 66ಇ, ಮಕ್ಕಳ ಅಶ್ಲೀಲ ಚಿತ್ರಗಳ ಪ್ರಸಾರಕ್ಕೆ 67ಬಿ ಸೆಕ್ಷನ್‌ಗಳು ಅನ್ವಯಿಸುತ್ತವೆ. ಪೋಕ್ಸೊ ಕಾಯಿದೆ, 2012ರ ಸೆಕ್ಷನ್ 19ರ ಪ್ರಕಾರ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಅರಿವಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಿಕ್ಷಕರೂ ಇದಕ್ಕೆ ಹೊರತಲ್ಲ. ಮಕ್ಕಳ ಸಹಾಯವಾಣಿ 1098 ಹಾಗೂ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ನೀಡಬಹುದು.