ಮರೆವಿನ ಕಾಯಿಲೆಯ ಹಿರಿಯರಿಗೆ ಆರೈಕೆ ಕೇಂದ್ರದ ಆಯ್ಕೆ

ವೃದ್ಧರಾದ ತಂದೆತಾಯಿಯರನ್ನು ಮನೆಯಲ್ಲಿಯೇ ಇಟ್ಟುಕೊಂಡು ನೋಡಿಕೊಳ್ಳುವುದು ನಮ್ಮ ಸಮಾಜದಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಆದರೆ ವೈದ್ಯರು ‘ಡಿಮೆನ್ಶಿಯಾ’ ಎಂದು ಕರೆಯುವ ಮರೆವಿನ ಕಾಯಿಲೆಯು ಮುಂದುವರಿದಾಗ, ಎಷ್ಟೇ ಅಕ್ಕರೆಯುಳ್ಳ ಕುಟುಂಬಕ್ಕೂ ಈ ಹೊಣೆಯು ಶಕ್ತಿಮೀರಿದ ಭಾರವಾಗಬಹುದು. ರೋಗಿಯು ರಾತ್ರಿಯೆಲ್ಲ ನಿದ್ರಿಸದಿರುವುದು, ಬಾಗಿಲು ತೆರೆದು ಹೊರಗೆ ಹೊರಟುಹೋಗುವುದು, ಸ್ನಾನಕ್ಕೆ ಒಪ್ಪದಿರುವುದು, ಮಕ್ಕಳನ್ನೇ ಅಪರಿಚಿತರೆಂದು ಭಾವಿಸಿ ಹೆದರುವುದು ಮುಂತಾದವು ಈ ಕಾಯಿಲೆಯ ಲಕ್ಷಣಗಳೇ ಹೊರತು ಹಠಮಾರಿತನವಲ್ಲ. ಮನೆಯಲ್ಲಿ ಇಬ್ಬರೇ ಇದ್ದು, ಇಬ್ಬರೂ ದುಡಿಯಬೇಕಾದ ನಗರ ಜೀವನದಲ್ಲಿ ಹಗಲಿರುಳು ಇಂತಹವರ ಮೇಲ್ವಿಚಾರಣೆ ನಡೆಸುವುದು ಸುಲಭವಲ್ಲ.

ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡ 7.4ರಷ್ಟು ಜನರಿಗೆ, ಎಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ವೃದ್ಧರ ಪ್ರಮಾಣವು ಅಧಿಕವಾಗಿರುವ ರಾಜ್ಯಗಳಲ್ಲಿ ತಮಿಳುನಾಡು ಒಂದು. ಆ ರಾಜ್ಯದ ರಾಜಧಾನಿಯಾದ ಚೆನ್ನೈ ನಗರದಲ್ಲಿ ಅನೇಕ ತಲೆಮಾರುಗಳಿಂದ ಕನ್ನಡ ಕುಟುಂಬಗಳು ನೆಲೆಸಿವೆ. ಹೋಟೆಲ್ ಉದ್ಯಮ, ಚಲನಚಿತ್ರ, ವ್ಯಾಪಾರ, ಸರ್ಕಾರಿ ಸೇವೆಗಳಿಗಾಗಿ ಅಲ್ಲಿಗೆ ಹೋದವರಲ್ಲಿ ಹಲವರು ಇಂದು ಇಳಿವಯಸ್ಸಿನಲ್ಲಿದ್ದಾರೆ. ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಗಿ ಬಂದಾಗ ಇಂತಹ ಕುಟುಂಬಗಳು ಯಾವ ಅಂಶಗಳನ್ನು ಪರಿಶೀಲಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೂಲ ಪ್ರಶ್ನೆ

ಸಾಮಾನ್ಯ ವೃದ್ಧಾಶ್ರಮಕ್ಕೂ ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರಕ್ಕೂ ಮುಖ್ಯವಾದ ವ್ಯತ್ಯಾಸವೊಂದಿದೆ. ವೃದ್ಧಾಶ್ರಮದ ನಿವಾಸಿಯು ಊಟ ಸರಿಯಿಲ್ಲದಿದ್ದರೆ ಮಗನಿಗೆ ತಿಳಿಸಬಲ್ಲರು. ಡಿಮೆನ್ಶಿಯಾ ಇರುವವರಿಗೆ ಬೆಳಿಗ್ಗೆ ನಡೆದುದು ಸಂಜೆಗೆ ನೆನಪಿರುವುದಿಲ್ಲ. ನೆನಪಿದ್ದರೂ ಹೇಳಲು ಮಾತು ಒದಗುವುದಿಲ್ಲ. ಹೇಳಿದರೂ ಇತರರು ನಂಬುವುದಿಲ್ಲ. ಆದುದರಿಂದ ಅವರು ಹೇಳಲಾರದ ದೂರನ್ನು ಕುಟುಂಬದವರು ತಾವೇ ಕಣ್ಣಾರೆ ಕಂಡುಕೊಳ್ಳಬೇಕು. ಕೇಂದ್ರವನ್ನು ನೋಡಲು ಹೋದಾಗ ಕೇಳುವ ಪ್ರಶ್ನೆಗಳಿಗೆಲ್ಲ ಇದೇ ತಳಹದಿ. ನುಣುಪಾದ ನೆಲ, ಹೂದೋಟ, ಹವಾನಿಯಂತ್ರಿತ ಕೊಠಡಿಗಳು ಆರೈಕೆಯ ಗುಣಮಟ್ಟವನ್ನು ತಿಳಿಸುವುದಿಲ್ಲ.

ಮೊದಲು ರೋಗನಿರ್ಣಯ

ಕೇಂದ್ರವನ್ನು ಹುಡುಕುವ ಮುನ್ನ ರೋಗವು ಡಿಮೆನ್ಶಿಯಾ ಹೌದೇ ಎಂಬುದು ಖಚಿತವಾಗಬೇಕು. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಮನೋಖಿನ್ನತೆ, ಬಿದ್ದು ಪೆಟ್ಟಾದಾಗ ತಲೆಬುರುಡೆಯೊಳಗೆ ಆಗುವ ರಕ್ತಸ್ರಾವ, ಕೆಲವು ಔಷಧಿಗಳ ಅಡ್ಡ ಪರಿಣಾಮ ಇವುಗಳಿಂದಲೂ ಮರೆವು ಉಂಟಾಗುತ್ತದೆ. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯುಂಟು. ವೃದ್ಧರ ವೈದ್ಯಕೀಯಕ್ಕೆ ಚೆನ್ನೈಯಲ್ಲಿ ದೀರ್ಘ ಪರಂಪರೆಯಿದೆ. ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1978ರಲ್ಲಿಯೇ ಡಾ. ವಿ. ಎಸ್. ನಟರಾಜನ್ ಅವರ ನೇತೃತ್ವದಲ್ಲಿ ವೃದ್ಧರ ಚಿಕಿತ್ಸಾ ವಿಭಾಗವು ಆರಂಭವಾಯಿತು. ಗಿಂಡಿಯಲ್ಲಿ ವೃದ್ಧರಿಗಾಗಿಯೇ ನಿರ್ಮಿಸಲಾದ ನ್ಯಾಷನಲ್ ಸೆಂಟರ್ ಫಾರ್ ಏಜಿಂಗ್ ಆಸ್ಪತ್ರೆಯು 2024ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಮನೋರೋಗಗಳ ಕ್ಷೇತ್ರದಲ್ಲಿ ದುಡಿಯುತ್ತಿರುವ ‘ಸ್ಕಾರ್ಫ್’ ಎಂಬ ಸ್ವಯಂಸೇವಾ ಸಂಸ್ಥೆಯೂ ಡಿಮೆನ್ಶಿಯಾ ರೋಗಿಗಳಿಗೆ ಸೇವೆಯನ್ನು ಒದಗಿಸುತ್ತಿದೆ. ತಜ್ಞರ ಲಿಖಿತ ವರದಿಯನ್ನು ಪಡೆದ ನಂತರವೇ ಕೇಂದ್ರದವರೊಡನೆ ಮಾತುಕತೆ ನಡೆಸುವುದು ಉಚಿತ.

ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮವು ಮಾನಸಿಕ ಅಸ್ವಸ್ಥತೆಯನ್ನು ನಿರೂಪಿಸುವಾಗ ಸ್ಮರಣಶಕ್ತಿ ಹಾಗೂ ಸ್ಥಳ-ಕಾಲಗಳ ಅರಿವಿನ ತೀವ್ರ ದೋಷಗಳನ್ನೂ ಸೇರಿಸಿದೆ. ಇಂತಹ ಅಸ್ವಸ್ಥರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳು ನೋಂದಣಿ ಪಡೆಯಬೇಕೆಂದೂ ವಿಧಿಸಿದೆ. ಆದುದರಿಂದ ನೋಂದಣಿ ಪತ್ರವನ್ನು ತೋರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಇದೇ ಅಧಿನಿಯಮವು ನಿವಾಸಿಗಳಿಗೆ ಕೆಲವು ಹಕ್ಕುಗಳನ್ನು ನೀಡಿದೆ. ಶುಚಿಯಾದ ಪರಿಸರ, ಪೌಷ್ಟಿಕ ಆಹಾರ ಮತ್ತು ಖಾಸಗಿತನ ಅವರಿಗೆ ದೊರೆಯಬೇಕು. ಇಚ್ಛಿಸಿದರೆ ಸ್ವಂತ ಬಟ್ಟೆಯನ್ನೇ ಧರಿಸಬಹುದು. ಸಂಸ್ಥೆಯ ಸಮವಸ್ತ್ರವನ್ನು ಬಲವಂತವಾಗಿ ತೊಡಿಸುವಂತಿಲ್ಲ. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಕೇಂದ್ರದಲ್ಲಿ ಎಲ್ಲ ವೃದ್ಧೆಯರ ಕೂದಲೂ ಒಂದೇ ಅಳತೆಗೆ ಕತ್ತರಿಸಿದ್ದು, ಎಲ್ಲರೂ ಒಂದೇ ಬಗೆಯ ನಿಲುವಂಗಿ ತೊಟ್ಟಿದ್ದರೆ, ಅದು ಯಾರ ಅನುಕೂಲಕ್ಕಾಗಿ ಎಂದು ವಿಚಾರಿಸಬೇಕು.

ಕಟ್ಟಿಹಾಕುವುದರ ಬಗೆಗೆ

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ಅಸ್ವಸ್ಥರ ವಸತಿಗೃಹವೊಂದಕ್ಕೆ ಬೆಂಕಿ ತಗುಲಿ, ಸರಪಳಿಯಿಂದ ಬಂಧಿತರಾಗಿದ್ದ 28 ಮಂದಿ ಓಡಿಹೋಗಲಾಗದೆ ಸಾವಿಗೀಡಾದರು. ಸುರಕ್ಷತೆಯ ಹೆಸರಿನಲ್ಲಿ ಕಟ್ಟಿಹಾಕುವುದು ಎಂತಹ ಅನಾಹುತಕ್ಕೆ ದಾರಿಯಾಗಬಲ್ಲದೆಂಬುದನ್ನು ಈ ದುರಂತವು ತೋರಿಸಿತು.

ಇಂದು ಸರಪಳಿಯ ಬಳಕೆಯನ್ನು ಕಾನೂನು ಸಂಪೂರ್ಣವಾಗಿ ನಿಷೇಧಿಸಿದೆ. ಇತರ ಬಗೆಯ ದೈಹಿಕ ನಿರ್ಬಂಧವನ್ನು, ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಹೊಣೆಹೊತ್ತ ಮನೋವೈದ್ಯರ ಅನುಮತಿಯಿಂದ, ಅತ್ಯಗತ್ಯವಾದಷ್ಟು ಹೊತ್ತು ಬಳಸಬಹುದು. ಅದನ್ನು ದಾಖಲೆಯಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಗಳೊಳಗೆ ತಿಳಿಸಬೇಕು. ಸಿಬ್ಬಂದಿಯ ಕೊರತೆಯು ನಿರ್ಬಂಧಕ್ಕೆ ಕಾರಣವಾಗಕೂಡದು. ‘ಬೀಳಬಾರದೆಂದು ಕುರ್ಚಿಗೆ ಬಟ್ಟೆಯಿಂದ ಕಟ್ಟುತ್ತೇವೆ’ ಎಂಬ ಉತ್ತರವು ಸಹಜವೆಂಬಂತೆ ಬಂದರೆ ಎಚ್ಚರ ವಹಿಸಬೇಕು.

ಔಷಧಿಯೂ ಒಂದು ಬಗೆಯ ಬಂಧನವಾಗಬಲ್ಲದು. ಉದ್ರೇಕವನ್ನು ತಗ್ಗಿಸಲು ಕೊಡುವ ಕೆಲವು ಮನೋರೋಗದ ಔಷಧಿಗಳಿಂದ ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಸಂಭವ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2005ರಲ್ಲಿಯೇ ಎಚ್ಚರಿಸಿತ್ತು. ವೈದ್ಯರು ಅಗತ್ಯವೆಂದು ಕಂಡಾಗ ಇವುಗಳನ್ನು ಕಡಿಮೆ ಪ್ರಮಾಣದಲ್ಲಿ, ಅಲ್ಪಕಾಲ ಬಳಸುವುದುಂಟು. ಆದರೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದಾಗ ನಿವಾಸಿಗಳೆಲ್ಲರೂ ತೂಕಡಿಸುತ್ತಿದ್ದರೆ, ಯಾರಿಗೆ ಯಾವ ಔಷಧಿಯನ್ನು ಯಾರ ಸಲಹೆಯಂತೆ ಕೊಡಲಾಗುತ್ತಿದೆ ಎಂದು ಕೇಳಲೇಬೇಕು.

ಭೇಟಿಯ ಸಮಯದಲ್ಲಿ ಗಮನಿಸಬೇಕಾದುದು

ಕನಿಷ್ಠ ಎರಡು ಬಾರಿ ಭೇಟಿ ನೀಡಬೇಕು. ಒಮ್ಮೆ ಮುಂಚಿತವಾಗಿ ತಿಳಿಸಿ ಹೋದರೆ, ಮತ್ತೊಮ್ಮೆ ತಿಳಿಸದೆಯೇ ಊಟದ ವೇಳೆಗೆ ಅಥವಾ ಸಂಜೆಯ ವೇಳೆಗೆ ಹೋಗುವುದು ಒಳ್ಳೆಯದು. ಹೊತ್ತು ಇಳಿಯುವಾಗ ಅನೇಕ ರೋಗಿಗಳ ಗೊಂದಲವು ಹೆಚ್ಚುವುದರಿಂದ ಸಿಬ್ಬಂದಿಯ ತಾಳ್ಮೆಯು ಆಗ ವ್ಯಕ್ತವಾಗುತ್ತದೆ. ಕೆಳಗಿನ ಅಂಶಗಳನ್ನು ವಿಶೇಷವಾಗಿ ಪರಿಶೀಲಿಸಬೇಕು.

1. ಊಟ: ತಾವಾಗಿ ಉಣ್ಣಲಾರದವರಿಗೆ ಉಣಿಸುವವರು ಪಕ್ಕದಲ್ಲಿ ಕುಳಿತು ಉಣಿಸುತ್ತಾರೆಯೇ, ನಿಂತೇ ತುರುಕುತ್ತಾರೆಯೇ? ನುಂಗಲು ಕಷ್ಟಪಡುವವರಿಗೆ ಮೆದುವಾದ ಆಹಾರವುಂಟೇ? ಪ್ರತಿ ತಿಂಗಳೂ ತೂಕವನ್ನು ನೋಡಿ ಬರೆದಿಡುತ್ತಾರೆಯೇ?

2. ಶೌಚ ಮತ್ತು ಚರ್ಮ: ಮೂತ್ರದ ವಾಸನೆ ಸದಾ ಇದೆಯೇ? ಹಾಸಿಗೆ ಹಿಡಿದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಿ ಹಾಸಿಗೆ ಹುಣ್ಣುಗಳಾಗದಂತೆ ನೋಡಿಕೊಳ್ಳುತ್ತಾರೆಯೇ?

3. ರಾತ್ರಿ: ಎಷ್ಟು ನಿವಾಸಿಗಳಿಗೆ ಎಷ್ಟು ಮಂದಿ ಎಚ್ಚರವಾಗಿರುತ್ತಾರೆ? ಹಗಲಿನ ಲೆಕ್ಕವನ್ನು ಮಾತ್ರ ಹೇಳಿದರೆ ರಾತ್ರಿಯದನ್ನೂ ಕೇಳಬೇಕು.

4. ಸಿಬ್ಬಂದಿ: ಅವರಿಗೆ ಡಿಮೆನ್ಶಿಯಾ ಆರೈಕೆಯಲ್ಲಿ ತರಬೇತಿ ಆಗಿದೆಯೇ? ಎಷ್ಟು ಕಾಲದಿಂದ ಅಲ್ಲಿದ್ದಾರೆ? ಮುಖಗಳು ಪದೇ ಪದೇ ಬದಲಾದರೆ ರೋಗಿಯ ಭಯ ಹೆಚ್ಚುತ್ತದೆ.

5. ದಿನಚರಿ: ನಡೆದಾಡಲು ಆವರಣವುಂಟೇ? ಹಾಡು, ಪೂಜೆ, ತರಕಾರಿ ಬಿಡಿಸುವುದು ಮುಂತಾದ ರೂಢಿಯ ಕೆಲಸಗಳಿಗೆ ಅವಕಾಶವುಂಟೇ? ದೂರದರ್ಶನದ ಮುಂದೆ ಕುಳ್ಳಿರಿಸುವುದೊಂದೇ ಚಟುವಟಿಕೆಯಲ್ಲ.

6. ತುರ್ತುಸ್ಥಿತಿ: ಬೆಂಕಿಯಾದರೆ ಹೊರಬರುವ ದಾರಿ ಯಾವುದು? ಬೀಗದ ಕೈ ಯಾರ ಬಳಿ ಇರುತ್ತದೆ? 2015ರ ಡಿಸೆಂಬರ್ ಪ್ರವಾಹದಲ್ಲಿಯೂ 2023ರ ಡಿಸೆಂಬರ್‌ನ ಮಿಚೌಂಗ್ ಚಂಡಮಾರುತದಲ್ಲಿಯೂ ಚೆನ್ನೈಯ ಅನೇಕ ಬಡಾವಣೆಗಳು ಜಲಾವೃತವಾಗಿ ವಿದ್ಯುತ್ ಕಡಿತಗೊಂಡಿತ್ತು. ಆಗ ಆ ಬೀದಿಯಲ್ಲಿ ನೀರು ಎಷ್ಟು ಎತ್ತರ ನಿಂತಿತ್ತು, ಜನರೇಟರ್ ಎಲ್ಲಿದೆ, ನಡೆಯಲಾರದವರು ನೆಲಮಹಡಿಯಲ್ಲಿದ್ದಾರೆಯೇ ಎಂದು ನೆರೆಹೊರೆಯವರನ್ನೂ ವಿಚಾರಿಸಬಹುದು.

ಭಾಷೆಯ ಪ್ರಶ್ನೆ

ಹಲವು ಭಾಷೆಗಳನ್ನು ಬಲ್ಲವರಲ್ಲಿ ಕಾಯಿಲೆ ಮುಂದುವರಿದಂತೆ ನಂತರ ಕಲಿತ ಭಾಷೆ ಹಿಂದೆ ಸರಿದು, ಬಾಲ್ಯದ ಭಾಷೆ ಉಳಿಯುವುದುಂಟು. ಐವತ್ತು ವರ್ಷ ಚೆನ್ನೈಯಲ್ಲಿ ತಮಿಳಿನಲ್ಲಿಯೇ ವ್ಯವಹರಿಸಿದವರೂ ಕನ್ನಡವನ್ನು ಮಾತ್ರ ಆಡತೊಡಗಬಹುದು. ಆಗ ‘ಹಸಿವು’, ‘ನೋವು’, ‘ಬಚ್ಚಲು’ ಎಂಬ ಮಾತುಗಳು ಆರೈಕೆ ಮಾಡುವವರಿಗೆ ತಿಳಿಯದಿದ್ದರೆ, ನೋವಿನ ಕೂಗನ್ನು ಉದ್ರೇಕವೆಂದು ತಪ್ಪಾಗಿ ತಿಳಿದು ಔಷಧಿ ಕೊಡುವ ಸಂಭವವಿದೆ. ಕನ್ನಡ ಬಲ್ಲ ಒಬ್ಬರಾದರೂ ಕೇಂದ್ರದಲ್ಲಿದ್ದಾರೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ರೋಗಿಯು ಬಳಸುವ ಇಪ್ಪತ್ತು-ಮೂವತ್ತು ಮಾತುಗಳನ್ನು ತಮಿಳು ಲಿಪಿಯಲ್ಲಿ ಅರ್ಥಸಹಿತವಾಗಿ ಬರೆದು ಹಾಸಿಗೆಯ ಬಳಿ ಅಂಟಿಸಬಹುದು. ಅವರನ್ನು ಮನೆಯಲ್ಲಿ ಹೇಗೆ ಕರೆಯುತ್ತಿದ್ದರು, ಯಾವ ಆಹಾರ ಒಗ್ಗುತ್ತದೆ, ಯಾವುದಕ್ಕೆ ಹೆದರುತ್ತಾರೆ ಎಂಬ ವಿವರಗಳನ್ನೂ ಸೇರಿಸುವುದು ಉಪಯುಕ್ತ.

ಕರಾರು ಮತ್ತು ವೆಚ್ಚ

ಮಾಸಿಕ ಶುಲ್ಕದಲ್ಲಿ ಏನೇನು ಸೇರಿದೆ ಎಂಬುದು ಬರಹದಲ್ಲಿರಬೇಕು. ಡಯಾಪರ್, ಔಷಧಿ, ಫಿಸಿಯೋಥೆರಪಿ, ಆಂಬುಲೆನ್ಸ್‌ಗಳಿಗೆ ಪ್ರತ್ಯೇಕ ಹಣ ಕೊಡಬೇಕೇ? ಮುಂಗಡ ಹಣವು ಯಾವಾಗ ಹಿಂದಿರುಗುತ್ತದೆ? ಆಸ್ಪತ್ರೆಗೆ ಸೇರಿಸಬೇಕಾದಾಗ ಜೊತೆಗೆ ಯಾರು ಇರುತ್ತಾರೆ? ಕಾಯಿಲೆ ಉಲ್ಬಣಿಸಿದರೆ ಹೊರಕಳುಹಿಸುತ್ತಾರೆಯೇ? ಖಾಸಗಿ ವೆಚ್ಚವನ್ನು ಭರಿಸಲಾರದವರು, ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯಡಿ ಡಿಮೆನ್ಶಿಯಾ ಪೀಡಿತರ ವಸತಿಗೃಹಗಳಿಗೂ ಅನುದಾನಕ್ಕೆ ಅವಕಾಶವಿರುವುದನ್ನು ತಿಳಿದಿರಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567 ಹಾಗೂ ಮಾನಸಿಕ ಆರೋಗ್ಯದ ‘ಟೆಲಿ-ಮಾನಸ್’ 14416 ಸಂಖ್ಯೆಗಳಿಗೆ ದೂರವಾಣಿ ಮಾಡಿ ಮಾರ್ಗದರ್ಶನ ಪಡೆಯಬಹುದು.

ಸೇರಿಸಿದ ನಂತರ

ಆರೈಕೆ ಕೇಂದ್ರಕ್ಕೆ ಸೇರಿಸುವುದು ಕೈಬಿಟ್ಟಂತಲ್ಲ. ಸೇರಿಸಿದ ಮೇಲೆ ತಿರುಗಿ ನೋಡದಿರುವುದು ಕೈಬಿಟ್ಟಂತೆ. ಸಂದರ್ಶಕರನ್ನು ಕಾಣುವುದು ಹಾಗೂ ದೂರವಾಣಿಯಲ್ಲಿ ಮಾತನಾಡುವುದು ನಿವಾಸಿಯ ಹಕ್ಕು ಎಂದು ಕಾನೂನು ಹೇಳುತ್ತದೆ. ಮೊದಲ ಕೆಲವು ವಾರ ನಿವಾಸಿಯು ಅತ್ತು ಕರೆದು ಮನೆಗೆ ಕರೆದೊಯ್ಯುವಂತೆ ಹೇಳುವುದು ಸಾಮಾನ್ಯ. ಆದರೆ ತೂಕ ಇಳಿಯುವುದು, ಕಾರಣ ತಿಳಿಯದ ಗಾಯದ ಗುರುತುಗಳು, ಸಿಬ್ಬಂದಿಯೊಬ್ಬರು ಹತ್ತಿರ ಬಂದೊಡನೆ ಮುದುಡಿಕೊಳ್ಳುವುದು ಕಂಡುಬಂದರೆ ತಡಮಾಡದೆ ವಿಚಾರಿಸಬೇಕು. ಮೊದಲು ಕೇಂದ್ರದ ಹೊಣೆಹೊತ್ತ ವೈದ್ಯರಿಗೂ, ಪರಿಹಾರ ದೊರೆಯದಿದ್ದಲ್ಲಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೂ ದೂರು ಕೊಡಬಹುದು.

ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಬಂದುಹೋಗುವ ಬಂಧುಗಳಿರುವ ನಿವಾಸಿಯತ್ತ ಎಲ್ಲರ ಗಮನವೂ ಇರುತ್ತದೆ. ತಾಯಿಗೆ ಮಗಳ ಹೆಸರು ನೆನಪಿಲ್ಲದಿರಬಹುದು. ಆದರೆ ಕೈಹಿಡಿದು ಪಕ್ಕದಲ್ಲಿ ಕುಳಿತವರಿಂದ ಆಗುವ ನೆಮ್ಮದಿಯನ್ನು ಅವರು ಅನುಭವಿಸಬಲ್ಲರು.