ಲೀಸ್ ಬೋರ್ಡಿನ ಹಿಂದಿನ ಲೆಕ್ಕ

ನಮ್ಮ ದೊಡ್ಡಬಳ್ಳಾಪುರದಲ್ಲಿ ಗೇಟಿಗೆ ‘ಮನೆ ಲೀಸ್‌ಗಿದೆ’ ಅಂತ ಬೋರ್ಡು ಕಟ್ಟಿದರೆ ಊರವರಿಗೆ ಒಂದೇ ಅರ್ಥ. ಐದಾರು ಲಕ್ಷ ಒಟ್ಟಿಗೆ ಕೊಡು, ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇರು, ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್ ತಗೋ. ಬಾಶೆಟ್ಟಿಹಳ್ಳಿಯ ಕಾರ್ಖಾನೆ ಕೆಲಸಕ್ಕೆ ಬಂದ ಹೊರರಾಜ್ಯದ ಹುಡುಗ ಅದೇ ಬೋರ್ಡು ನೋಡಿ ‘ತಿಂಗಳಿಗೆ ಎಷ್ಟು?’ ಅಂತಾನೆ. ಮನೆಯವರು ನಗುತ್ತಾರೆ. ಕಾನೂನಿನ ಇಂಗ್ಲಿಷಿಗೆ ಹತ್ತಿರ ಇರುವವನು ಆ ಹುಡುಗನೇ.

ನಾನು ಪತ್ರ ಬರಹಗಾರ. ಬಾಡಿಗೆ ಕರಾರು, ಕ್ರಯಪತ್ರ, ವಿಭಾಗಪತ್ರ ಬರೆಯೋದು ನನ್ನ ಹೊಟ್ಟೆಪಾಡು. ‘ಲೀಸೋ ರೆಂಟೋ, ಯಾವ್ದಾದ್ರೂ ಒಂದು ಹಾಕಿ ಸಾರ್, ಬೇಗ ಮುಗ್ಸಿ’ ಅನ್ನುವ ಗಿರಾಕಿಗಳೇ ಜಾಸ್ತಿ. ಹತ್ತಿರದ ಅರ್ಥದ ಇಂಗ್ಲಿಷ್ ಪದಗಳಲ್ಲಿ ಯಾವುದನ್ನು ಆರಿಸಬೇಕು ಅನ್ನೋದು ಮೇಷ್ಟ್ರು ಕೊಡುವ ಅಭ್ಯಾಸ ಅಂತ ಅವರ ಎಣಿಕೆ. ಸ್ಟಾಂಪ್ ಪೇಪರಿನ ಮೇಲೆ ಅದು ದುಡ್ಡಿನ ಪ್ರಶ್ನೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಂ ಲೀಸ್ ಅಂದರೇನು ಅಂತ ಹೇಳುತ್ತೆ: ಪ್ರತಿಫಲ ಪಡೆದು, ಆಸ್ತಿಯನ್ನು ಅನುಭವಿಸುವ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು. ಮುಂಗಡವಾಗಿ ಕೊಡುವ ಬೆಲೆ ಪ್ರೀಮಿಯಂ. ಆಗಾಗ ಸಲ್ಲಿಸುವ ಹಣ, ಬೆಳೆಯ ಪಾಲು ಅಥವಾ ಸೇವೆ ರೆಂಟ್. ಅಂದರೆ ಲೀಸ್ ಬೇರೆ, ರೆಂಟ್ ಬೇರೆ ಅಂತ ನಾವು ಮಾಡಿಕೊಂಡಿರುವ ವಿಂಗಡಣೆ ಕಾಯ್ದೆಯಲ್ಲಿ ಇಲ್ಲ. ಲೀಸ್ ವ್ಯವಹಾರದ ಹೆಸರು, ರೆಂಟ್ ಅದರಲ್ಲಿ ಕೈ ಬದಲಾಗುವ ಹಣ. ತಿಂಗಳ ಬಾಡಿಗೆಯ ಒಂದು ರೂಮೂ ಲೀಸೇ. ಲೀಸಿನ ಅವಧಿ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಆಗಲೇಬೇಕು. ಎಲ್ಲರ ಕರಾರಿನಲ್ಲೂ ‘ಹನ್ನೊಂದು ತಿಂಗಳು’ ಇರೋದರ ಗುಟ್ಟು ಇದು.

ಹಾಗಾದರೆ ನಮ್ಮ ಬೋರ್ಡಿನ ‘ಲೀಸ್’ ಏನು? ಹಳಬರು ಅದಕ್ಕೆ ಭೋಗ್ಯ ಅನ್ನುತ್ತಿದ್ದರು. ಸಾಲ ಕೊಟ್ಟವನು ಬಡ್ಡಿಯ ಬದಲು ಮನೆ ಅನುಭವಿಸುವ ಏರ್ಪಾಡು ಅದು. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಮಾರ್ಟ್‌ಗೇಜ್‌ನ ಒಂದು ಬಗೆಯಾಗಿ ಬರುತ್ತೆ. ಅಂಥ ಭೋಗ್ಯ ನೂರು ರೂಪಾಯಿಯದ್ದಾದರೂ ರಿಜಿಸ್ಟರ್ ಆಗಬೇಕು. ನಮ್ಮಲ್ಲಿ ಲಕ್ಷಗಟ್ಟಲೆ ಕೊಟ್ಟು, ‘ಲೀಸ್ ಅಗ್ರಿಮೆಂಟ್’ ಅಂತ ತಲೆಬರಹ ಹಾಕಿ, ಹನ್ನೊಂದು ತಿಂಗಳಿಗೆ ಬರೆಸಿ, ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ರಿಜಿಸ್ಟರ್ ಆಗದ ಪತ್ರ ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣೋದಿಲ್ಲ. ಅದೇ ಮನೆ ಬ್ಯಾಂಕಿಗೆ ಅಡ ಹೋಗಿದ್ದು, ಮಾಲೀಕ ಕಂತು ನಿಲ್ಲಿಸಿದರೆ ಒಳಗಿದ್ದವರ ಪಾಡು ಯಾರಿಗೂ ಬೇಡ. ನಾನಂತೂ ಅಡಮಾನದ ಲಕ್ಷಣವಿರುವ ಪತ್ರಕ್ಕೆ ಲೀಸ್ ಅಂತ ಹೆಸರು ಹಾಕಲ್ಲ. ಬೇಜಾರಾಗಿ ಎದ್ದು ಹೋದವರೂ ಇದ್ದಾರೆ.

ಇನ್ನು ಲೈಸೆನ್ಸ್. ಪಿಜಿ ನಡೆಸುವವರಿಗೆ ಇದರ ಮೇಲೆ ಬಲು ಪ್ರೀತಿ. ಲೈಸೆನ್ಸ್ ಅಂದರೆ ಬರೀ ಅನುಮತಿ. ಇರುವವನಿಗೆ ಆಸ್ತಿಯಲ್ಲಿ ಯಾವ ಹಿತವೂ ಹುಟ್ಟೋದಿಲ್ಲ, ಹಾಗಾಗಿ ಎಬ್ಬಿಸೋದು ಸುಲಭ ಅಂತ ಲೆಕ್ಕಾಚಾರ. ಪದ ಹಾಕಿದ ಮಾತ್ರಕ್ಕೆ ಆಗಿಬಿಡುತ್ತಾ? ದೆಹಲಿಯ ಇಂಪೀರಿಯಲ್ ಹೋಟೆಲಿನಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದ ಕಪೂರ್ ಅವರ ಪತ್ರದ ಮೇಲೂ ಲೈಸೆನ್ಸ್ ಅಂತಲೇ ಇತ್ತು. 1959ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಅದು ಲೀಸ್ ಅಂದಿತು. ತಲೆಬರಹಕ್ಕಿಂತ ಒಕ್ಕಣೆಯ ತಿರುಳು ಮುಖ್ಯ ಅನ್ನೋ ಆ ತೀರ್ಪನ್ನು ವಕೀಲರು ಇವತ್ತಿಗೂ ಎತ್ತಿ ಹೇಳುತ್ತಾರೆ.

ಅತಿ ಹೆಚ್ಚು ಜಗಳ ತರೋದು ಮಾತ್ರ ಅಡ್ವಾನ್ಸ್. ಮನೆ ಬಿಡುವ ಸಮಯಕ್ಕೆ ಬಾಡಿಗೆದಾರ ‘ಕೊನೇ ಮೂರು ತಿಂಗಳದ್ದು ಅಡ್ವಾನ್ಸಲ್ಲಿ ಮುರ್ಕೊಳ್ಳಿ ಆಂಟಿ’ ಅಂತಾನೆ. ಆಂಟಿ ಒಪ್ಪಲ್ಲ: ‘ಅದು ಸುಣ್ಣ-ಬಣ್ಣಕ್ಕೆ, ಕರೆಂಟ್ ಬಿಲ್ಲಿಗೆ ಇಟ್ಕೊಂಡಿದ್ದು ಕಣಪ್ಪ.’ ಅಡ್ವಾನ್ಸ್ ಅಂದರೆ ಮುಂದೆ ಕೊಡಬೇಕಾದ್ದನ್ನು ಈಗಲೇ ಕೊಟ್ಟಿದ್ದು, ಮುರಿದುಕೊಳ್ಳಲೇಬೇಕು ಅಂತ ಅವನು ವಾದಿಸಬಹುದು. ಡೆಪಾಸಿಟ್ ಅಂದರೆ ಭದ್ರತೆಗೆ ಇಟ್ಟದ್ದು, ಕೀ ಕೊಟ್ಟ ಮೇಲೆ ವಾಪಸ್. ಮಾತಿನಲ್ಲಿ ಏನಾದರೂ ಅನ್ನಲಿ, ಕರಾರಿನಲ್ಲಿ ನಾನು ‘ಸೆಕ್ಯುರಿಟಿ ಡೆಪಾಸಿಟ್’ ಅಂತ ಹಾಕಿ, ‘ಬಾಡಿಗೆಗೆ ವಜಾ ಮಾಡತಕ್ಕದ್ದಲ್ಲ’ ಅಂತ ಕನ್ನಡದಲ್ಲೂ ಒಂದು ಸಾಲು ಸೇರಿಸುತ್ತೇನೆ.

ಪದ ಬದಲಾದರೆ ಹಕ್ಕೂ ಬದಲಾಗುತ್ತೆ ಅನ್ನೋ ಪಾಠವನ್ನು ದೇವನಹಳ್ಳಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಸರ್ಕಾರದ ನೋಟಿಸು ಬಂದಾಗ ಅದರಲ್ಲಿದ್ದ ಪದ ಅಕ್ವಿಸಿಷನ್, ಅಂದರೆ ಸ್ವಾಧೀನ. ಮೂರು ವರ್ಷಕ್ಕೂ ಮೀರಿ ಧರಣಿ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಪ್ರಕಟಿಸಿದರು. ತಾವಾಗಿ ಮುಂದೆ ಬರುವವರ ಜಮೀನು ಮಾತ್ರ ತಗೊಳ್ಳುತ್ತೇವೆ ಅಂದರು. ಎರಡು ದಾರಿಯಲ್ಲೂ ಜಮೀನು ಸರ್ಕಾರಕ್ಕೆ ಹೋಗುತ್ತೆ, ರೈತನ ಖಾತೆಗೆ ದುಡ್ಡು ಬೀಳುತ್ತೆ. ಆದರೆ ಅಕ್ವೈರ್ ಮಾಡಿದರೆ ಬರೋದು ಕಾಂಪೆನ್ಸೇಷನ್. ಸಾಲದು ಅನ್ನಿಸಿದರೆ ಕೋರ್ಟು ಹತ್ತಬೇಕು. ಪರ್ಚೇಸ್ ಆದರೆ ಬರೋದು ಪ್ರೈಸ್, ಒಪ್ಪದವನು ಸಹಿ ಹಾಕದೆ ಎದ್ದು ಬರಬಹುದು.