ಸರಪಳಿ ಗರಗಸವನ್ನು ಅಪಾಯವಿಲ್ಲದೆ ಚಾಲೂ ಮಾಡಿ ನಡೆಸುವ ಕ್ರಮ

ಮೈಸೂರು ನಗರದ ಸುತ್ತಣ ಗ್ರಾಮಗಳಲ್ಲಿ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಉರುಳಿದ ಮರಗಳನ್ನು ತುಂಡುಮಾಡುವುದಕ್ಕೂ, ಫಲವಿಲ್ಲದ ತೆಂಗನ್ನು ತೆಗೆಸುವುದಕ್ಕೂ, ಬದುವಿನ ಸಿಲ್ವರ್ ಓಕನ್ನು ಕೊಯ್ಯಿಸುವುದಕ್ಕೂ ಈಗ ಪೆಟ್ರೋಲಿನ ಸರಪಳಿ ಗರಗಸವೇ ಬಳಕೆಯಲ್ಲಿದೆ. ಇದರ ಸರಪಳಿಯು ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 20 ಮೀಟರು ಓಡುವುದು. ತಪ್ಪು ನಡೆದ ಮೇಲೆ ಕೈಕಾಲನ್ನು ಹಿಂದಕ್ಕೆ ತೆಗೆಯುವಷ್ಟು ಅವಕಾಶವು ಯಾರಿಗೂ ದೊರೆಯದು. ಆದುದರಿಂದ ಮರ ಕೊಯ್ಯುವವನನ್ನು ಕರೆಸುವ ಜಮೀನುದಾರರು ಕೂಲಿಯನ್ನು ಗೊತ್ತುಮಾಡುವುದಕ್ಕೆ ಮೊದಲು ಅವನು ಯಂತ್ರವನ್ನು ಚಾಲೂ ಮಾಡುವ ರೀತಿಯನ್ನು ನೋಡತಕ್ಕದ್ದು. ಒಂದು ಕೈಯಲ್ಲಿ ಯಂತ್ರವನ್ನು ತೂಗಾಡಿಸಿ ಮತ್ತೊಂದು ಕೈಯಿಂದ ಹಗ್ಗವನ್ನು ಸೆಳೆಯುವವನಿಗೆ, ಅವನು ಎಷ್ಟೇ ಹಳಬನಾಗಿರಲಿ, ಕೆಲಸವನ್ನು ಒಪ್ಪಿಸಕೂಡದು.

ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆಯನ್ನು ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಪ್ರಮಾಣದಲ್ಲಿ ಬೆರೆಸಬೇಕು. 50ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 20 ಮಿಲಿಲೀಟರು. ಎಂಜಿನ್ ಆರಿದ ಮೇಲೆಯೇ ಪೆಟ್ರೋಲ್ ತುಂಬಿ, ಆ ಸ್ಥಳದಿಂದ 3 ಮೀಟರಾದರೂ ದೂರ ಹೋಗಿ ಚಾಲೂ ಮಾಡಬೇಕು. ಬೀಡಿಯ ಮಾತನ್ನು ಹೇಳಬೇಕಾಗಿಲ್ಲ.

ಚಾಲೂ ಮಾಡುವ ಕ್ರಮವು ಹೀಗೆ. ಮುಂಭಾಗದ ಕಾಪನ್ನು ಮುಂದಕ್ಕೆ ತಳ್ಳಿ ಸರಪಳಿಯ ಬ್ರೇಕನ್ನು ಹಾಕಬೇಕು. ಯಂತ್ರವನ್ನು ಸಮನಾದ ನೆಲದ ಮೇಲಿಟ್ಟು, ಸರಪಳಿಗೆ ಮಣ್ಣಾಗಲಿ ಕಲ್ಲಾಗಲಿ ತಗಲದಂತೆ ನೋಡಿಕೊಂಡು, ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಯೊಳಗೆ ತೂರಿಸಿ ಅದುಮಬೇಕು. ಎಡಗೈಯಿಂದ ಮುಂದಿನ ಹಿಡಿಯನ್ನು ಹೆಬ್ಬೆರಳು ಸುತ್ತಿಬರುವಂತೆ ಹಿಡಿದು, ಬಲಗೈಯಿಂದ ಹಗ್ಗವನ್ನು ಬಿಗಿಯಾಗುವವರೆಗೆ ಮೆಲ್ಲನೆ ಎಳೆದು, ಅನಂತರ ಚುರುಕಾಗಿ ಸೆಳೆಯಬೇಕು. ಎಂಜಿನ್ ತಣ್ಣಗಿದ್ದರೆ ಸಾಮಾನ್ಯವಾಗಿ ಚೋಕ್ ಮುಚ್ಚಿರಬೇಕು. ಒಮ್ಮೆ ಗುಡುಗಿ ನಿಂತೊಡನೆ ಅದನ್ನು ಅರ್ಧಕ್ಕೆ ಸರಿಸಿ ಪುನಃ ಎಳೆಯಬೇಕು. ಈ ಹೊತ್ತಿನಲ್ಲಿ ಚೋಕನ್ನು ಮರೆತು ಎಳೆಯುತ್ತಲೇ ಇದ್ದರೆ ಪೆಟ್ರೋಲ್ ತುಂಬಿಕೊಂಡು ಪ್ಲಗ್ ತೋಯುವುದು. ಯಂತ್ರ ಕೆಟ್ಟಿತೆಂದು ದೂರುವವರಲ್ಲಿ ಅನೇಕರ ಕಥೆ ಇಷ್ಟೆ. ಚಾಲೂ ಆದ ಮೇಲೆ ಆಕ್ಸಿಲರೇಟರನ್ನು ಒಮ್ಮೆ ಮುಟ್ಟಿ ಬಿಟ್ಟು, ಬ್ರೇಕನ್ನು ಬಿಡಿಸಿ ನೋಡಬೇಕು. ಆಕ್ಸಿಲರೇಟರನ್ನು ಒತ್ತದಿರುವಾಗಲೂ ಸರಪಳಿಯು ಹರಿದಾಡಿದರೆ ಅಂತಹ ಯಂತ್ರವನ್ನು ಮೆಕ್ಯಾನಿಕ್ಕನ ಬಳಿಗೆ ಕಳುಹಿಸಬೇಕೇ ಹೊರತು ಮರದ ಬಳಿಗಲ್ಲ.

ಅತ್ಯಂತ ಘೋರವಾದ ಅಪಾಯವು ಬಾರಿನ ತುದಿಯ ಮೇಲಂಚಿನಲ್ಲಿರುವುದು. ಆ ಭಾಗವು ಕೊಂಬೆಗೋ ಪಕ್ಕದ ದಿಮ್ಮಿಗೋ ತಗುಲಿದರೆ ಯಂತ್ರವು ಕ್ಷಣಮಾತ್ರದಲ್ಲಿ ಕೊಯ್ಯುವವನ ಮುಖ ಕುತ್ತಿಗೆಗಳ ಕಡೆಗೆ ಎಗರುವುದು. ಆದಕಾರಣ ಎರಡು ಕೈಗಳಿಂದಲೇ ಹಿಡಿಯಬೇಕು. ಹೆಗಲಿಗಿಂತ ಮೇಲಕ್ಕೆ ಎತ್ತಿ ಕೊಯ್ಯಕೂಡದು. ಏಣಿಯ ಮೇಲೆ ನಿಂತು ಸರ್ವಥಾ ಕೂಡದು. ಗಾಳಿಗೆ ಉರುಳಿದ ಮರದಲ್ಲಿ ನೆಲಕ್ಕೊತ್ತಿ ಬಿಲ್ಲಿನಂತೆ ಬಾಗಿದ ಕೊಂಬೆಗಳಿರುತ್ತವೆ. ಇವು ಕೊಯ್ದೊಡನೆ ಚಿಮ್ಮುವುದರಿಂದ, ಅವು ಯಾವ ಕಡೆಗೆ ಸೆಟೆಯುವುವೆಂಬುದನ್ನು ಮೊದಲು ಗೊತ್ತುಮಾಡಿಕೊಂಡು ಎದುರು ಕಡೆಯಲ್ಲಿ ನಿಲ್ಲಬೇಕು.

ಶಿರಸ್ತ್ರಾಣ, ಕಣ್ಣಿಗೂ ಕಿವಿಗೂ ಕಾಪು, ಗಟ್ಟಿ ಬೂಟು, ಕಾಲಿಗೆ ಸರಪಳಿಯನ್ನು ತಡೆಯುವ ಹೊದಿಕೆ, ಇವು ಅವಶ್ಯಕ. ಹೆಗಲ ಮೇಲಿನ ಟವೆಲ್ಲು ರೈತನಿಗೆ ಶೋಭೆಯೇ ಸರಿ. ಈ ಕೆಲಸದಲ್ಲಿ ಅದೂ ಪಂಚೆಯೂ ಮನೆಯಲ್ಲೇ ಇರತಕ್ಕವು. ಒಬ್ಬನೇ ಕೆಲಸ ಮಾಡಕೂಡದು. ನಿಂತ ಮರವನ್ನು ಕೆಡಹುವಾಗ ನೋಡಲು ಬಂದ ಮಕ್ಕಳನ್ನೂ ದನಗಳನ್ನೂ ಮರದ ಎತ್ತರದ ಎರಡರಷ್ಟು ದೂರಕ್ಕೆ ಕಳುಹಿಸುವುದು ಗ್ರಾಮದ ಮುಖಂಡರ ಹೊಣೆ. ವಿದ್ಯುತ್ ತಂತಿಯು ಸಮೀಪದಲ್ಲಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ತಿಳಿಸಿ, ಕರೆಂಟನ್ನು ನಿಲ್ಲಿಸಿದ ಮೇಲೆಯೇ ಮರವನ್ನು ಮುಟ್ಟಬೇಕು. 1976ರ ಮರಗಳ ಸಂರಕ್ಷಣಾ ಕಾನೂನಿನಲ್ಲಿ ತೆಂಗು, ಗಾಳಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಉಳಿದವಕ್ಕೆ ವೃಕ್ಷಾಧಿಕಾರಿಯವರ ಅನುಮತಿ ಬೇಕು.

ಮೊಂಡು ಸರಪಳಿಯಿಂದ ಕೊಯ್ಯುವವನು ಯಂತ್ರವನ್ನು ಅದುಮಬೇಕಾಗುವುದು. ಅದುಮಿದಾಗ ಹಿಡಿತವು ತಪ್ಪುವುದು. ತೆಂಗಿನ ಕಾಂಡದ ಹೊರಭಾಗವು ಹಲ್ಲುಗಳನ್ನು ಬಹುಬೇಗ ಸವೆಸುತ್ತದೆ. ಚೂರು ಚೂರಾಗಿ ಬೀಳಬೇಕಾದ ಹೊಟ್ಟು ಹಿಟ್ಟಿನಂತೆ ಬೀಳತೊಡಗಿದರೆ ಎಂಜಿನನ್ನು ನಿಲ್ಲಿಸಿ, ತಕ್ಕ ಅಳತೆಯ ದುಂಡರದಿಂದ ಹಲ್ಲುಗಳನ್ನು ಮಸೆದ ಮೇಲೆ ಕೆಲಸವನ್ನು ಮುಂದುವರಿಸಬೇಕು.